"ಸರ್, ಇವತ್ತ ಮ್ಯಾಲ ಏರಾಕ ಮನಸಿಲ್ರಿ"

(ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನದಂದು ದಾವಣಗೆರೆಯ ಒಂದು ಕಾಲೇಜಿನ ಸಿವಿಲ್ ವಿಭಾಗದಲ್ಲಿ, ಕಟ್ಟಡ ಕೆಲಸಗಾರರ ಮನಸ್ಸಿನ ಆರೋಗ್ಯದ ಬಗ್ಗೆ ಆಡಿದ ಮಾತು ಇದು. ಎದುರಿಗೆ ಕೊನೆಯ ವರ್ಷದ ವಿದ್ಯಾರ್ಥಿಗಳು, ಕೆಲವು ಗುತ್ತಿಗೆದಾರರು, ಮತ್ತೆ ನಾನು ಹಟ ಹಿಡಿದು ಕರೆಸಿದ ಹನ್ನೊಂದು ಮಂದಿ ಮೇಸ್ತ್ರಿಗಳು ಕೂತಿದ್ದರು. ಆಮೇಲೆ ಬರೆದಿದ್ದರಿಂದ ಅಲ್ಲಲ್ಲಿ ಒಂದೆರಡು ಮಾತು ಜಾಸ್ತಿ ಸೇರಿದೆ.)

ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿದ್ದಾಯಿತು. ಕನ್ನಂಬಾಡಿ ಕಟ್ಟೆಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬೆಳಿಗ್ಗೆಯೇ ಹೇಳಿ ಹೋಗಿದ್ದಾರೆ. ಹಾಗಾಗಿ ನಾನು ನಿಮ್ಮನ್ನು ಸೀದಾ ಒಂದು ಸುರಂಗದೊಳಗೆ ಕರೆದುಕೊಂಡು ಹೋಗುತ್ತೇನೆ.

2023ರ ನವೆಂಬರ್ 12. ದೀಪಾವಳಿ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಿಲ್ಕ್ಯಾರಾದಲ್ಲಿ ಕಟ್ಟುತ್ತಿದ್ದ ಹೆದ್ದಾರಿ ಸುರಂಗ ಕುಸಿಯಿತು. 41 ಕೆಲಸಗಾರರು ಒಳಗೆ ಸಿಕ್ಕಿಕೊಂಡರು. 17 ದಿನ ಒಳಗೇ ಇದ್ದರು. ಕೊರೆಯುವ ಯಂತ್ರ ಕೈಕೊಟ್ಟಿದ್ದು, ಕೊನೆಗೆ ಇಲಿ ಬಿಲ ತೋಡುವ ಹಾಗೆ ಕೈಯಿಂದಲೇ ಅಗೆಯುವವರು ಬಂದು ದಾರಿ ಮಾಡಿದ್ದು, 28ರ ಸಂಜೆ ಒಬ್ಬೊಬ್ಬರಾಗಿ ಹೊರಗೆ ಬಂದಿದ್ದು, ಎಲ್ಲವನ್ನೂ ನೀವು ಟಿವಿಯಲ್ಲಿ ನೋಡಿದ್ದೀರಿ. ಯಂತ್ರದ ಬಗ್ಗೆ ನೀವು ಓದಿಯೂ ಇರುತ್ತೀರಿ. ನನ್ನ ಕಣ್ಣು ಮಾತ್ರ ಬೇರೆ ಕಡೆ ಇತ್ತು.

ಪೈಪಿನೊಳಗೆ ಊಟ, ಔಷಧಿ ಕಳಿಸುತ್ತಿದ್ದರಲ್ಲ, ಅದರ ಜೊತೆ ಲೂಡೊ, ಚೆಸ್, ಇಸ್ಪೀಟು ಎಲೆಗಳನ್ನೂ ಕಳಿಸಿದರು. ಮನೆಯವರನ್ನು ಸ್ಥಳಕ್ಕೆ ಕರೆಸಿ ಮಾತಾಡಿಸಿದರು. ಮನೋವೈದ್ಯರು ಬಂದು ಒಳಗಿದ್ದವರನ್ನು ವಿಚಾರಿಸಿದರು. ನಡೆದಾಡಿ, ಯೋಗ ಮಾಡಿ, ಒಬ್ಬರಿಗೊಬ್ಬರು ಮಾತಾಡಿಕೊಂಡಿರಿ ಅಂದರು. 41 ಕಟ್ಟಡ ಕೆಲಸಗಾರರ ನಿದ್ದೆ, ಧೈರ್ಯ, ಮನಸ್ಸು ಇಡೀ ದೇಶದ ಚಿಂತೆ ಆಯಿತು.

ಒಳ್ಳೆಯದೇ. ಆದರೆ ಅದೇ 41 ಜನ ನವೆಂಬರ್ 11ರಂದು ಕೂಡ ಮನೆ ಮಠ ಬಿಟ್ಟು ಬಂದವರೇ. ಅವತ್ತು ಅವರನ್ನು "ರಾತ್ರಿ ನಿದ್ದೆ ಬಂತಾ?" ಅಂತ ಯಾರು ಕೇಳಿರುತ್ತಾರೆ? ನನ್ನ ಸೈಟಿನಲ್ಲಂತೂ ನಾನು ಕೇಳಿರಲಿಲ್ಲ. ಆ ಕತೆ ಹೇಳಿಬಿಡುತ್ತೇನೆ. ಹೇಳದೆ ಮುಂದಕ್ಕೆ ಹೋದರೆ ನಿಮಗೆ ಉಪದೇಶ ಮಾಡಿದ ಹಾಗೆ ಆಗುತ್ತದೆ.

ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಬೆಂಗಳೂರಿನ ಹೊರಗೆ ಒಂದು ಅಪಾರ್ಟ್‌ಮೆಂಟು. ಮರುದಿನ ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕಬೇಕು. ಅದನ್ನು ಹೊರುವ ಹಲಗೆ, ಆನಿಕೆ ಕಟ್ಟುವ ಸೆಂಟ್ರಿಂಗ್ ಇನ್ನೂ ಮುಗಿದಿಲ್ಲ. ನನ್ನ ಮೇಲಿನವರು ನನಗೆ ಬೆಳಿಗ್ಗೆಯೇ ಮಂಗಳಾರತಿ ಮಾಡಿದ್ದರು. ಯಾದಗಿರಿ ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸಗಾರ ನನ್ನ ಹತ್ತಿರ ಬಂದು, ತಲೆ ಕೆರೆದುಕೊಂಡು, "ಸರ್, ಇವತ್ತ ಮ್ಯಾಲ ಏರಾಕ ಮನಸಿಲ್ರಿ" ಅಂದ. ನಾನೇನು ಹೇಳಿದೆ ಗೊತ್ತಾ? "ಮನಸ್ಸು ಕೇಳ್ಕೊಂಡು ಕೆಲಸ ಮಾಡ್ತೀಯೇನಯ್ಯಾ? ನಾಳೆ ಮೋಲ್ಡ್ ಇಟ್ಕೊಂಡು ಇದೇನು ನಾಟಕ?" ಸುತ್ತ ಇದ್ದವರು ನಕ್ಕರು. ಅವನೂ ನಕ್ಕ. ಹತ್ತಿದ.

ಹನ್ನೊಂದು ಗಂಟೆ ಹೊತ್ತಿಗೆ ಬಿದ್ದ. ಹನ್ನೆರಡು ಅಡಿ ಇರಬಹುದು. ತೊಡೆಯ ಮೂಳೆ ಮುರಿಯಿತು, ಜೀವ ಉಳಿಯಿತು. ಸಂಜೆ ಆಸ್ಪತ್ರೆಗೆ ಹೋದಾಗ ಅವನ ಭಾವ ಹೇಳಿದ. ಬಡ್ಡಿಗೆ ಸಾಲ ಕೊಟ್ಟವನು ಊರಲ್ಲಿ ಮನೆ ಮುಂದೆ ನಿಂತು, ಓಣಿಯವರೆಲ್ಲರ ಎದುರು ಇವನ ಹೆಂಡತಿಗೆ ಬಾಯಿಗೆ ಬಂದದ್ದು ಬೈದು ಹೋಗಿದ್ದನಂತೆ. ಸುದ್ದಿ ಮುಟ್ಟಿದ ದಿನದಿಂದ ಮೂರು ರಾತ್ರಿ ಇವನು ಕಣ್ಣು ಮುಚ್ಚಿರಲಿಲ್ಲ.

ಅಪಘಾತದ ರಿಜಿಸ್ಟರ್ ಬರೆದವನು ನಾನೇ. ಕಾರಣ ಅನ್ನುವ ಕಾಲಮ್ಮಿನಲ್ಲಿ "ಕಾಲು ಜಾರಿ ಬಿದ್ದಿದ್ದು, ಸೇಫ್ಟಿ ಬೆಲ್ಟ್ ಧರಿಸಿರಲಿಲ್ಲ" ಅಂತ ಬರೆದೆ. ಸುಳ್ಳಲ್ಲ. ಆದರೆ ನಲವತ್ತು ಜನರಿಗೆ ಎರಡೇ ಬೆಲ್ಟ್ ಇದ್ದವು, ಅವೂ ಸ್ಟೋರಿನಲ್ಲಿ ಬೀಗ ಹಾಕಿಕೊಂಡಿದ್ದವು ಅಂತ ಬರೆಯಲಿಲ್ಲ. ಅವನು ಬೆಳಿಗ್ಗೆಯೇ ಬಂದು ಹೇಳಿದ್ದ ಅಂತಲೂ ಬರೆಯಲಿಲ್ಲ. ನಾನು ಬೈದಿದ್ದಕ್ಕೆ ಆ ರಿಜಿಸ್ಟರಿನಲ್ಲಿ ಕಾಲಮ್ ಇರಲಿಲ್ಲ.

ಈಗ ಅವನ ತಲೆಯೊಳಗೆ ಏನಿತ್ತು ಅಂತ ನೋಡೋಣ. ನಮ್ಮ ಲೆಕ್ಕದಲ್ಲಿ ಅವನು ಒಂದು ಕೂಲಿ. ಅವನ ಲೆಕ್ಕ ಬೇರೆ ಇದೆ. ರಾಯಚೂರು, ಯಾದಗಿರಿ, ಕೊಪ್ಪಳ, ಕಲಬುರಗಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಜನ ಗುಳೆ ಬರುತ್ತಾರೆ. ಈಗ ಮಳೆ ಚೆನ್ನಾಗಿ ಆದ ವರ್ಷವೂ ಬರುತ್ತಾರೆ. ಬರುವ ಮೊದಲೇ ಊರಲ್ಲಿ ಮುಂಗಡ ತೆಗೆದುಕೊಂಡಿರುತ್ತಾರೆ. ತಂಗಿ ಮದುವೆಗೋ, ಅಪ್ಪನ ಆಪರೇಷನ್ನಿಗೋ, ಬೋರ್‌ವೆಲ್ಲಿಗೋ. ಆ ಮುಂಗಡ ತೀರುವ ತನಕ ಕೆಲಸ ಬಿಡುವ ಹಾಗಿಲ್ಲ. ವಾರ ವಾರ ಖರ್ಚಿಗೆ ಅಂತ ಒಂದಿಷ್ಟು ಕೈಗೆ ಬರುತ್ತದೆ. ಉಳಿದದ್ದು "ಲೆಕ್ಕದಲ್ಲಿ ಇದೆ". ಆ ಲೆಕ್ಕ ಮೇಸ್ತ್ರಿಯ ಜೇಬಿನ ಡೈರಿಯಲ್ಲಿ ಇದೆ. ಮೇಸ್ತ್ರಿಗಳು ಸಿಟ್ಟಾಗಬೇಡಿ, ನಿಮ್ಮ ಡೈರಿಗೆ ದುಡ್ಡು ಬರಬೇಕಾದದ್ದು ಇನ್ನೊಬ್ಬರ ಡೈರಿಯಿಂದ ಅಂತ ನನಗೂ ಗೊತ್ತು.

ಇರುವುದು ತಗಡಿನ ಶೆಡ್ಡು. ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ತಗಡು ಬಿಸಿ ಆರುವುದಿಲ್ಲ. ಪಕ್ಕದಲ್ಲೇ ಜನರೇಟರ್, ಕಾಂಕ್ರೀಟ್ ಗಾಡಿ. ಮೊದಲೆಲ್ಲ ಊರಿನ ಕಷ್ಟ ಕಾಗದದಲ್ಲಿ ಬರುತ್ತಿತ್ತು, ಬರುವ ಹೊತ್ತಿಗೆ ಅರ್ಧ ತಣ್ಣಗಾಗಿರುತ್ತಿತ್ತು. ಈಗ ಸಾರುವೆಯ ಮೇಲೆ ನಿಂತಿರುವಾಗಲೇ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಮಗುವಿಗೆ ಜ್ವರ, ಅಣ್ಣ ತಮ್ಮಂದಿರ ಜಗಳ, ಸಾಲದ ಆ್ಯಪಿನವರ ಬೆದರಿಕೆ. ಎಲ್ಲ ಬಿಸಿ ಬಿಸಿಯಾಗಿ ಮೂರನೇ ಮಹಡಿಗೆ ಬಂದು ಮುಟ್ಟುತ್ತದೆ.

ಒಂದು ಅಂಕಿ ಹೇಳುತ್ತೇನೆ. ಅಂಕಿ ಜಾಸ್ತಿ ಹೇಳುವವನಲ್ಲ ನಾನು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಜನ. ಅವರಲ್ಲಿ 42,004 ಮಂದಿ ದಿನಗೂಲಿಯವರು. ಅಂದರೆ ನಾಲ್ವರಲ್ಲಿ ಒಬ್ಬರು. 2014ರಲ್ಲಿ ಈ ಪಾಲು ನೂರಕ್ಕೆ 12 ಇತ್ತು. ಇವರೆಲ್ಲ ಕಟ್ಟಡ ಕೆಲಸದವರಲ್ಲ, ಹಮಾಲಿಗಳು ಇರಬಹುದು, ಹೋಟೆಲ್ ಕೆಲಸದವರು ಇರಬಹುದು. ಆದರೆ ಈ ದೇಶದಲ್ಲಿ ಹೊಲ ಬಿಟ್ಟವನಿಗೆ ದಿನಗೂಲಿ ಅಂದರೆ ಮೊದಲು ಸಿಗುವುದು ಗಾರೆ, ಜಲ್ಲಿ, ಸಿಮೆಂಟು, ಅಲ್ವಾ? ರೈತರ ಆತ್ಮಹತ್ಯೆ ಬಗ್ಗೆ ಮಾತಾಡುತ್ತೇವೆ, ಮಾತಾಡಲೇಬೇಕು. ಅದೇ ರೈತ ಹೊಲ ಬಿಟ್ಟು ಸೈಟಿಗೆ ಬಂದ ಮೇಲೆ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲೂ ಇದೇ ಪಾಡು. ಅಲ್ಲಿನ ಸರ್ಕಾರಿ ಅಂಕಿಅಂಶ ಕಚೇರಿ 2011ರಿಂದ 2015ರ ಸಾವುಗಳನ್ನು ಉದ್ಯೋಗದ ಪ್ರಕಾರ ವಿಂಗಡಿಸಿ ನೋಡಿತು. ಕಟ್ಟಡ ಕೆಲಸದಲ್ಲಿ ಕೆಳಗಿನ ಹಂತದ ಕೂಲಿ ಮಾಡುವ ಗಂಡಸರಲ್ಲಿ ಆತ್ಮಹತ್ಯೆಯ ಅಪಾಯ ಅಲ್ಲಿನ ಗಂಡಸರ ಸರಾಸರಿಯ 3.7 ಪಟ್ಟು. ಅಲ್ಲಿ ಹೆಲ್ಮೆಟ್ ಇದೆ, ಬೂಟು ಇದೆ, ಕೂಲಿ ಜಾಸ್ತಿ ಇದೆ. ಆದರೂ ಹೀಗೆ.

ಇನ್ನೊಂದು ತೊಡಕು ಭಾಷೆಯದು. ಸೈಟಿನಲ್ಲಿ ಯಾರೂ "ನನಗೆ ಖಿನ್ನತೆ" ಅನ್ನುವುದಿಲ್ಲ. "ತಲೆ ಭಾರ ಸಾರ್" ಅನ್ನುತ್ತಾರೆ. "ಎದಿ ಡವಡವ ಅಂತೈತ್ರಿ", "ಊಟ ಸೇರಲ್ಲ", "ಮೈಯೆಲ್ಲ ಉರಿ", "ಜೀವಕ್ಕೆ ಹಾಯೆನಿಸಲ್ಲ". ಇದನ್ನು ಕೇಳಿ ನಾವು ಒಂದು ನೋವಿನ ಮಾತ್ರೆ ಕೊಟ್ಟು ಕಳಿಸುತ್ತೇವೆ. ಮೈಯಲ್ಲಿ ಏನಾದರೂ ಇದೆಯಾ ಅಂತ ಡಾಕ್ಟರ್ ನೋಡಲೇಬೇಕು, ಅದು ಮೊದಲು. ಆದರೆ ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಇಲ್ಲ, ಯಾರ ಜೊತೆಯೂ ಸೇರುತ್ತಿಲ್ಲ, ಮೊದಲು ಹರಟೆ ಹೊಡೆಯುತ್ತಿದ್ದವನು ಈಗ ಮೂಲೆ ಹಿಡಿದಿದ್ದಾನೆ ಅಂದರೆ ಅದು ಬರೀ ತಲೆನೋವಲ್ಲ. ಇದನ್ನು ಗುರುತಿಸಲು ನೀವು ಮನೋವೈದ್ಯರಾಗಬೇಕಿಲ್ಲ. ಬಿರುಕು ನೋಡಿದ ಕೂಡಲೇ ಅದು ಬರೀ ಪ್ಲಾಸ್ಟರಿನದೋ, ತೊಲೆಯದೋ ಅಂತ ಮೇಸ್ತ್ರಿ ಅನುಮಾನ ಪಡುತ್ತಾನೆ. ಪಟ್ಟು ಎಂಜಿನಿಯರನ್ನು ಕರೆಯುತ್ತಾನೆ. ಅಷ್ಟೇ ಬೇಕಾಗಿರುವುದು.

ಕುಡಿತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇಲ್ಲಿ ನಾವು ಮಾಡುವ ತಪ್ಪು ದೊಡ್ಡದು. ದಿನವಿಡೀ ಬಾಂಡ್ಲಿ ಹೊತ್ತವನಿಗೆ ಸಂಜೆ ಮೈಕೈ ನೋವು. ನಿದ್ದೆ ಬರಲಿ ಅಂತ ಒಂದು ಪ್ಯಾಕೆಟ್. ಆಮೇಲೆ ಅದಿಲ್ಲದೆ ನಿದ್ದೆ ಬರುವುದಿಲ್ಲ. ಶನಿವಾರ ಬಟವಾಡೆ ಆದ ಮೇಲೆ ಜಾಸ್ತಿ. ಸೋಮವಾರ ಬೆಳಿಗ್ಗೆ ಸೇಫ್ಟಿ ಆಫೀಸರ್ ಗೇಟಿನಲ್ಲಿ ಬಾಯಿ ಊದಿಸುತ್ತಾನೆ. ವಾಸನೆ ಬಂದರೆ ವಾಪಸ್, ಆ ದಿನದ ಕೂಲಿ ಇಲ್ಲ. ಸರಿ, ಅಮಲಿನಲ್ಲಿ ಮೇಲೆ ಹತ್ತಬಾರದು, ಒಪ್ಪುತ್ತೇನೆ.

ಆದರೆ ವರ್ಷಾನುಗಟ್ಟಲೆ ದಿನಾ ಕುಡಿದವನು ಗೇಟಿನ ಭಯಕ್ಕೆ ಭಾನುವಾರ ಬಿಟ್ಟುಬಿಟ್ಟ ಅಂತ ಇಟ್ಟುಕೊಳ್ಳಿ. ಸೋಮವಾರ ಅವನ ಬಾಯಿಯಲ್ಲಿ ವಾಸನೆ ಇಲ್ಲ, ಯಂತ್ರ ಹಸಿರು ತೋರಿಸುತ್ತದೆ. ಆದರೆ ಕೈ ನಡುಗುತ್ತಿರುತ್ತದೆ, ಬೆವರುತ್ತಿರುತ್ತಾನೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ದಿಕ್ಕು ತಪ್ಪಿದ ಹಾಗೆ ಮಾತಾಡಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಇದು ಜೀವಕ್ಕೆ ಅಪಾಯದ ಸ್ಥಿತಿ. ನಮ್ಮ ಯಂತ್ರ ಪಾಸ್ ಮಾಡಿದ ಆ ಮನುಷ್ಯನೇ ಅವತ್ತು ಇಡೀ ಸೈಟಿನಲ್ಲಿ ಅತಿ ಹೆಚ್ಚು ಅಪಾಯದಲ್ಲಿ ಇರುವವನು. ಅವನನ್ನು ಆಸ್ಪತ್ರೆಗೆ ಕಳಿಸಬೇಕು. ಔಷಧಿ ಕೊಟ್ಟು ನಿಧಾನವಾಗಿ ಬಿಡಿಸುತ್ತಾರೆ. "ಕುಡುಕ" ಅಂತ ಗೇಟಿನಲ್ಲಿ ಎಲ್ಲರ ಎದುರು ನಿಲ್ಲಿಸಿದರೆ ಉಳಿದ ಇಪ್ಪತ್ತು ಜನ ಬಚ್ಚಿಡುವುದನ್ನು ಕಲಿಯುತ್ತಾರೆ, ಅಷ್ಟೇ.

ಬಚ್ಚಿಡುವುದು ಅಂದೆನಲ್ಲ, ಇವತ್ತಿನ ಮಾತಿನ ತಿರುಳೇ ಅದು. ಹೊರದೇಶದಲ್ಲಿ ಒಂದು ಪದ ಚಾಲ್ತಿಯಲ್ಲಿದೆ, ಸೈಕಲಾಜಿಕಲ್ ಸೇಫ್ಟಿ ಅಂತ. "ಮಾನಸಿಕ ಸುರಕ್ಷತೆ" ಅಂತ ಕನ್ನಡಕ್ಕೆ ತಂದರೆ ಸೈಟಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಮೇಸ್ತ್ರಿಗಳ ತರಬೇತಿಯಲ್ಲಿ ನಾನು "ಬಾಯಿ ಬಿಡುವ ಧೈರ್ಯ" ಅನ್ನುತ್ತೇನೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಲು ಹೋದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಆಮೇಲೆ ಗೊತ್ತಾಯಿತು, ಅವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಆದದ್ದನ್ನು ಹೆದರದೆ ಹೇಳುತ್ತಿದ್ದರು. ಉಳಿದವರು ಮುಚ್ಚಿಡುತ್ತಿದ್ದರು.

ನಿಮ್ಮ ಸೈಟಿನಲ್ಲಿ "ಸ್ವಲ್ಪದರಲ್ಲಿ ತಪ್ಪಿತು" ಅನ್ನುವ ಘಟನೆ ಬರೆಯುವ ಪುಸ್ತಕ ಇರುತ್ತದೆ. ತೆಗೆದು ನೋಡಿ. ಆರು ತಿಂಗಳಿಂದ ಖಾಲಿ ಇದ್ದರೆ ಖುಷಿಪಡಬೇಡಿ. ಭಯಪಡಿ.

ಒಂದು ಮಳೆಗಾಲ. ನೆಲಮಹಡಿಯ ಮೋಲ್ಡ್‌ಗೆ ಆಧಾರಕ್ಕೆ ಜಾಕಿ ಕಂಬ ಕೊಟ್ಟಿದ್ದರು. ಕೆಳಗೆ ಹೊಸದಾಗಿ ತುಂಬಿದ ಮಣ್ಣು. ನಾನು ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. ಕ್ಯೂರಿಂಗ್‌ಗೆ ನೀರು ಹಾಕುವ ಒಬ್ಬ ಹೆಂಗಸು ಕೊಡ ಇಟ್ಟು, "ಸಾರ್, ಆ ಮೂರು ಕಂಬ ನಿನ್ನೆಗಿಂತ ಕೆಳಗೆ ಹೋಗವೆ" ಅಂದಳು. ಹೋಗಿ ನೋಡಿದರೆ ನಿಜ. ಜಾಕಿ ಕೆಳಗೆ ಹಲಗೆಯೇ ಇಲ್ಲ, ನೆನೆದ ಮಣ್ಣಿನೊಳಗೆ ಇಳಿಯುತ್ತಿವೆ. ಕೆಲಸ ನಿಲ್ಲಿಸಿ ಸರಿಮಾಡಿದೆವು. "ನಿನ್ನೆಯೇ ಯಾಕೆ ಹೇಳಲಿಲ್ಲಮ್ಮ?" ಅಂದೆ. "ಹೇಳಿದ್ನಲ್ಲ ಸಾರ್. ನಿನ್ ಕೆಲ್ಸ ನೋಡ್ಕೊ ಅಂದ್ರು." ಹೇಳಿದವರ ಹೆಸರು ಅವಳು ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ನಾಳೆ ಅವಳು ಅಲ್ಲೇ ಕೂಲಿಗೆ ಬರಬೇಕಲ್ಲ.

ಹೆಂಗಸರ ಪಾಡು ಇನ್ನೂ ಒಂದು ಸುತ್ತು ಜಾಸ್ತಿ. ಕೂಲಿ ಕಡಿಮೆ, ಕೆಲಸ ಮುಗಿದ ಮೇಲೆ ಒಲೆ ಹಚ್ಚುವುದು ಬೇರೆ. ಮರಳಿನ ರಾಶಿ ಮೇಲೆ ಮಗುವನ್ನು ಕೂರಿಸಿ ಮೂರನೇ ಮಹಡಿಗೆ ಇಟ್ಟಿಗೆ ಹೊತ್ತವಳ ಮನಸ್ಸು ಎಲ್ಲಿರುತ್ತದೆ ಹೇಳಿ. 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೋಣೆ ಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಎಷ್ಟು ಸೈಟಿನಲ್ಲಿ ನೋಡಿದ್ದೀರಿ? ಇನ್ನು ಕೈ ಹಿಡಿದು ಎಳೆಯುವುದು, ಕೆಟ್ಟ ಮಾತು. ಇದಕ್ಕೆ ದೂರು ಕೊಡಲು, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು. ಕಂಪನಿಯೊಳಗೆ ಸಮಿತಿ ಇಲ್ಲದ ಸಣ್ಣ ಕೆಲಸದ ಜಾಗಕ್ಕೂ ಅದು ಅನ್ವಯಿಸುತ್ತದೆ. ಕೂಲಿ ಹೆಂಗಸಿಗೆ ಇದನ್ನು ಹೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಬಾಯಿ ಬಿಡುವ ಧೈರ್ಯ ಬರೀ ಸೈಟಿನೊಳಗಿನ ವಿಷಯ ಅಂದುಕೊಳ್ಳಬೇಡಿ. 2020ರ ಮೇ ತಿಂಗಳು ನೆನಪಿಸಿಕೊಳ್ಳಿ. ಲಾಕ್‌ಡೌನ್. ಬಿಹಾರ, ಜಾರ್ಖಂಡ್, ಒಡಿಶಾ, ಉತ್ತರ ಪ್ರದೇಶದ ಕೆಲಸಗಾರರು ಬೆಂಗಳೂರಿನಲ್ಲಿ "ನಮಗೆ ಮನೆಗೆ ಹೋಗಬೇಕು" ಅಂತ ಕೂತಿದ್ದರು. ಕಟ್ಟಡ ಉದ್ಯಮದವರ ಜೊತೆ ಸಭೆ ಆದ ಮೇಲೆ, ಮೇ 5ರಂದು, ಹೊರಡಬೇಕಾಗಿದ್ದ ಶ್ರಮಿಕ್ ರೈಲುಗಳು ಬೇಡ ಅಂತ ನಮ್ಮ ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಗದ್ದಲವಾಗಿ ಎರಡೇ ದಿನಕ್ಕೆ ಆ ತೀರ್ಮಾನ ವಾಪಸ್ ಆಯಿತು. ಎರಡೇ ದಿನ, ನಿಜ. ಆದರೆ ಭಯ ಆದಾಗ ಮನೆಗೆ ಹೋಗುತ್ತೇನೆ ಅನ್ನುವ ಮಾತಿಗೂ ಇಲ್ಲಿ ಬೆಲೆ ಇಲ್ಲ ಅಂತ ಆ ಎರಡು ದಿನದಲ್ಲಿ ಕೆಲಸಗಾರರಿಗೆ ಗೊತ್ತಾಯಿತು. ನನಗೆ ಗೊತ್ತಿದ್ದ ಕೆಲವರು ಅವತ್ತೇ ಮೂಟೆ ಕಟ್ಟಿ ನಡೆದೇ ಹೊರಟರು.

ಹಾಗಾದರೆ ಏನು ಮಾಡೋಣ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2008ರಲ್ಲಿ "ಮೇಟ್ಸ್ ಇನ್ ಕನ್ಸ್ಟ್ರಕ್ಷನ್" ಅಂತ ಶುರು ಮಾಡಿದರು. ಸೈಟಿನ ಎಲ್ಲರಿಗೂ ಸ್ವಲ್ಪ ತಿಳಿವಳಿಕೆ, ಕೆಲವರಿಗೆ ಹೆಚ್ಚಿನ ತರಬೇತಿ. ತರಬೇತಿ ಆದವರ ಹೆಲ್ಮೆಟ್ ಮೇಲೆ ಒಂದು ಸ್ಟಿಕ್ಕರ್. ಯಾರ ಹತ್ತಿರ ಮಾತಾಡಬಹುದು ಅಂತ ದೂರದಿಂದಲೇ ಗೊತ್ತಾಗುತ್ತದೆ. ನನಗೆ ಹಿಡಿಸಿದ್ದು ಒಂದೇ, ಮಾತಾಡುವವನು ಡಾಕ್ಟರ್ ಅಲ್ಲ, ಪಕ್ಕದಲ್ಲಿ ಕಂಬಿ ಕಟ್ಟುವವನು. ನಮ್ಮಲ್ಲಿ ಸ್ಟಿಕ್ಕರ್ ಮಾಡಿಸುವುದು ಸುಲಭ, ಅದಕ್ಕೇ ನನಗೆ ಭಯ. ಸ್ಟಿಕ್ಕರ್ ಅಂಟಿಸಿ, ಫೋಟೋ ತೆಗೆದು, ಗ್ರೂಪಿಗೆ ಹಾಕಿ, ಮುಗಿಯಿತು ಅನ್ನುತ್ತೇವೆ. ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗಿಗೆ, ಅಂದರೆ ಕೆಲಸ ಶುರುವಾಗುವ ಮೊದಲಿನ ಹತ್ತು ನಿಮಿಷದ ಸುರಕ್ಷತೆಯ ಮಾತಿಗೆ, ಆಗಿರುವುದು ಅದೇ. ಅರ್ಧ ಜನ ಬಂಗಾಳದವರು, ಭಾಷಣ ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ.

ಹತ್ತು ನಿಮಿಷದಲ್ಲಿ ಎರಡು ನಿಮಿಷ ಬಿಡಿ ಸಾಕು. "ಟೆನ್ಷನ್ ಇದೆಯಾ?" ಅಂತ ಸಾಲಾಗಿ ನಿಲ್ಲಿಸಿ ಕೇಳಬೇಡಿ, ಎಲ್ಲರೂ "ಇಲ್ಲ ಸಾರ್" ಅನ್ನುತ್ತಾರೆ. ಪಕ್ಕಕ್ಕೆ ಹೋಗಿ ಸುಮ್ನೆ ಕೇಳಿ. ರಾತ್ರಿ ನಿದ್ದೆ ಆಯ್ತಾ? ತಿಂಡಿ ತಿಂದ್ಯಾ? ಊರಿಗೆ ಫೋನ್ ಮಾಡಿದ್ಯಾ, ಎಲ್ಲ ಚೆನ್ನಾಗಿದ್ದಾರಾ? ಯಾರಾದರೂ ಇವತ್ತು ಆಗಲ್ಲ ಅಂದರೆ, "ಮೇಲೆ ಹತ್ತಬೇಡ, ಕೆಳಗೆ ಕಂಬಿ ಕತ್ತರಿಸು" ಅನ್ನಿ. ಆದರೆ ಕೂಲಿ ಅಷ್ಟೇ ಇರಬೇಕು. ಐವತ್ತು ರೂಪಾಯಿ ಕಡಿತ ಮಾಡಿದರೂ ಅವನು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿದ್ದವರೂ ಬಿಡುವುದಿಲ್ಲ.

ಮತ್ತೆ ಬಟವಾಡೆ. ನನ್ನನ್ನು ಕೆಲವು ಕಂಪನಿಗಳು ಕರೆಸಿ, ಕೆಲಸಗಾರರಿಗೆ ಧ್ಯಾನ, ಪ್ರಾಣಾಯಾಮ ಹೇಳಿಕೊಡಿ ಅನ್ನುತ್ತವೆ. ಮಾಡಲಿ, ಬೇಡ ಅನ್ನಲ್ಲ. ಆದರೆ ಆರು ವಾರದ ಕೂಲಿ ಬಾಕಿ ಇಟ್ಟುಕೊಂಡು ಉಸಿರು ಎಳೆದು ಬಿಡು ಅನ್ನುವುದು ಕುಚೇಷ್ಟೆ. ಅವನಿಗೆ ನಿದ್ದೆ ಬಾರದಿರುವುದಕ್ಕೆ ಕಾರಣ ನಮ್ಮ ಆಫೀಸಿನ ಬೀರುವಿನಲ್ಲೇ ಇದೆ. ಶನಿವಾರ ಅಂದರೆ ಶನಿವಾರ ದುಡ್ಡು ಕೈಗೆ ಬರುವ ಸೈಟಿಗೂ, "ನೋಡೋಣ" ಅನ್ನುವ ಸೈಟಿಗೂ ವ್ಯತ್ಯಾಸ ಗೇಟಿನಲ್ಲೇ ಗೊತ್ತಾಗುತ್ತದೆ. ಇದು ನನ್ನ ಅನುಭವದ ಮಾತು, ಯಾವ ಪುಸ್ತಕದ್ದೂ ಅಲ್ಲ.

ಯಾರಾದರೂ "ಸಾಕಾಗಿದೆ, ಇರಬಾರದು ಅನ್ನಿಸ್ತದೆ" ಅಂದರೆ ತಮಾಷೆ ಮಾಡಬೇಡಿ, ಬುದ್ಧಿ ಹೇಳಲೂ ಹೋಗಬೇಡಿ. ನೇರವಾಗಿ ಕೇಳಿ, "ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ಎಲ್ಲರಿಗೂ ಭಯ. ಹಾಗಾಗುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಎಷ್ಟೋ ಜನಕ್ಕೆ ಉಸಿರು ಬಂದ ಹಾಗೆ ಆಗುತ್ತದೆ. ಹೌದು ಅಂದರೆ ಅವನನ್ನು ಒಬ್ಬನನ್ನೇ ಬಿಡಬೇಡಿ. ಊರವರೋ, ನೆಂಟರೋ ಒಬ್ಬರನ್ನು ಜೊತೆಗೆ ಕೂರಿಸಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ, ಹಿಂದಿ, ಬಂಗಾಳಿಯಲ್ಲೂ. ನಮ್ಮ ನಿಮ್ಹಾನ್ಸ್‌ನವರೇ ಇದರ ಬೆನ್ನಿಗಿದ್ದಾರೆ. ಅಪಾಯ ಹತ್ತಿರ ಅನ್ನಿಸಿದರೆ ಫೋನಿಗೆ ಕಾಯದೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವ ಕಾಲವೂ ಹೋಯಿತು. ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲ.

ಆಸ್ಪತ್ರೆ ಅಂದರೆ ಬೆಂಗಳೂರಿಗೇ ಓಡಬೇಕಿಲ್ಲ. ಹಳ್ಳಿ ಆಸ್ಪತ್ರೆಯ ಡಾಕ್ಟರುಗಳಿಗೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡುವುದನ್ನು ಕಲಿಸಬಹುದು ಅಂತ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಇಲ್ಲೇ ಹತ್ತಿರದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದೇ ಮಾದರಿ ಆಯಿತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಮಾಡಿದರು. ಒಳ್ಳೆಯ ಕೆಲಸ. ಒಂದೇ ತಕರಾರು, ಮಂಗಳವಾರ ಕೆಲಸದ ದಿನ. ಆಸ್ಪತ್ರೆಗೆ ಹೋದರೆ ಕೂಲಿ ಹೋಯಿತು. ಆ ಅರ್ಧ ದಿನದ ಕೂಲಿಯನ್ನು ಗುತ್ತಿಗೆದಾರರು ಕೊಡಬಹುದು. ಅಥವಾ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡಬಹುದು. ಕಟ್ಟಡದ ವೆಚ್ಚದ ಮೇಲೆ 1% ಸೆಸ್ ವಸೂಲಿ ಮಾಡಿ, 2007ರಿಂದ ಮಂಡಳಿ ನಡೆಸುತ್ತಿದ್ದೇವೆ. ವರ್ಷಕ್ಕೆ 90 ದಿನ ಕೆಲಸ ಮಾಡಿದವರಿಗೆ ಲೇಬರ್ ಕಾರ್ಡ್ ಇದೆ. ಮದುವೆಗೆ ಸಹಾಯ ಇದೆ, ಅಪಘಾತಕ್ಕೆ ಪರಿಹಾರ ಇದೆ. ಮನಸ್ಸಿನ ಚಿಕಿತ್ಸೆಗೆ ಹೋದ ದಿನದ ಕೂಲಿ ಕೊಡಿ ಅಂತ ನಾವ್ಯಾರೂ ಇನ್ನೂ ಜೋರಾಗಿ ಕೇಳಿಲ್ಲ.

ಮಾತು ಮುಗಿಸಿ ಕೂರುವ ಮೊದಲೇ ಪ್ರಶ್ನೆಗಳು ಬಂದವು. ಮೊದಲ ಸಾಲಿನಲ್ಲಿದ್ದ ಗುತ್ತಿಗೆದಾರರೊಬ್ಬರು ಎದ್ದು, "ಸರ್, ಎಲ್ಲರ ಮನಸ್ಸು ಕೇಳ್ತಾ ಕೂತ್ರೆ ಕೆಲಸ ಮುಗಿಯೋದು ಯಾವಾಗ?" ಅಂದರು. ನ್ಯಾಯವಾದ ಪ್ರಶ್ನೆ. ಅವರಿಗೆ ಹಳೇ ಲೆಕ್ಕ ಹೇಳಿದೆ. ಅವತ್ತು ಆ ಯಾದಗಿರಿಯವನು ಬಿದ್ದ ಮೇಲೆ ಉಳಿದವರು ಹತ್ತಲಿಲ್ಲ, ಮೋಲ್ಡ್ ನಾಲ್ಕು ದಿನ ಮುಂದಕ್ಕೆ ಹೋಯಿತು. ಬೆಳಿಗ್ಗೆಯೇ ಅವನನ್ನು ಕೆಳಗೆ ಕೂರಿಸಿದ್ದರೆ ಹೋಗುತ್ತಿದ್ದುದು ಅರ್ಧ ದಿನ.

ಒಬ್ಬ ಹುಡುಗಿ, ಕೊನೆಯ ವರ್ಷದವಳು, "ಸೈಟ್ ಎಂಜಿನಿಯರ್‌ಗಳ ಬಗ್ಗೆ ಏನೂ ಹೇಳಲಿಲ್ಲ ಸರ್. ನಮ್ಮಣ್ಣ ಹದಿನಾಲ್ಕು ಗಂಟೆ ಕೆಲಸ ಮಾಡ್ತಾನೆ, ಭಾನುವಾರಾನೂ ಮನೆಗೆ ಬರಲ್ಲ" ಅಂದಳು. ತಪ್ಪು ನನ್ನದೇ. ನನಗೆ ಬೈದವರು ಇದ್ದರು, ಅದನ್ನು ನಾನು ಕೆಳಗೆ ದಾಟಿಸಿದೆ ಅಂತ ಶುರುವಿನಲ್ಲೇ ಹೇಳಿದ್ದೆ. ಅಲ್ಲಿಗೇ ಬಿಡಬಾರದಿತ್ತು. ಅವಳಣ್ಣನಿಗೂ ಅದೇ 14416 ನಂಬರ್. ಜೊತೆಗೆ ಮೇಲಿನವರಿಗೆ "ಈ ತಾರೀಖಿಗೆ ಆಗಲ್ಲ" ಅನ್ನುವ ಧೈರ್ಯ ಬೇಕು. ನನಗೆ ಅದು ಬರಲು ಹತ್ತು ವರ್ಷ ಹಿಡಿಯಿತು ಅಂತ ಒಪ್ಪಿಕೊಂಡೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಮೇಸ್ತ್ರಿ ಎದ್ದರು. ಐವತ್ತೈದು ದಾಟಿರಬಹುದು. ಮೈಕ್ ಬೇಡ ಅಂದರು.

"ಸಾರ್, ನೀವು ಹೇಳಿದ್ದೆಲ್ಲ ಸರಿ ಐತೆ. ಹುಡುಗರು ನಮ್ಮತ್ರ ಬಂದು ಹೇಳ್ತಾರೆ. ನಮ್ಮ ಬಿಲ್ಲು ಮೂರು ತಿಂಗಳಿಂದ ಪಾಸಾಗಿಲ್ಲ. ಶನಿವಾರ ಬಂತು ಅಂದ್ರೆ ನನ್ನ ಎದೇನೇ ಹೊಡ್ಕಂತೈತೆ. ನಾನು ಯಾರತ್ರ ಹೇಳ್ಲಿ?"

ಸಭೆ ನಿಶ್ಶಬ್ದ ಆಯಿತು. ನಾನು ಬೋರ್ಡ್ ಮೇಲೆ ಬರೆದಿದ್ದ ನಂಬರನ್ನು ತೋರಿಸಲು ಕೈ ಎತ್ತಿದವನು ಹಾಗೇ ಇಳಿಸಿದೆ. "ಇಲ್ಲೇ ಹೇಳಿ ಮೇಸ್ತ್ರಿ" ಅಂದೆ. "ಎಷ್ಟು ಬಾಕಿ ಇದೆ?"

ಅವರು ಹೇಳಿದರು. ಮೊದಲ ಸಾಲಿನಲ್ಲಿ ಇಬ್ಬರು ಫೋನ್ ತೆಗೆದು ನೋಡತೊಡಗಿದರು.